ಮುಳುಗುವ ಮುಂಚೆ ಜೋರಾಗಿ ಉಸಿರು ಎಳೆದುಬಿಟ್ಟರೆ ನೀರೊಳಗೆ ಹೆಚ್ಚು ಹೊತ್ತು ಇರಬಹುದೇ?

ನೀವು ಕೇಳಿದ್ದು ಇದು: ಕಾರವಾರದ ಹತ್ತಿರ ಮಾಜಾಳಿ ಕಡೆಯ ಸಮುದ್ರದ ಬಂಡೆಗಳಲ್ಲಿ ನೀವೂ ನಿಮ್ಮ ತಮ್ಮನೂ ಮುಳುಗಿ ನೀಲಿಕಲ್ಲು, ಅಂದರೆ ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿ, ಕೀಳುತ್ತೀರಿ. ಮುಳುಗುವ ಮುಂಚೆ ಇಪ್ಪತ್ತು ಮೂವತ್ತು ಸಲ ಜೋರಾಗಿ ಉಸಿರು ಎಳೆದುಬಿಟ್ಟರೆ ಕೆಳಗೆ ಹೆಚ್ಚು ಹೊತ್ತು ತಡೆಯುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರೂ ಆಗ 99 ತೋರಿಸುತ್ತದೆ, ಅಂದರೆ ಮೈಯಲ್ಲಿ ಆಕ್ಸಿಜನ್ ಹೆಚ್ಚು ತುಂಬಿತು ಎಂದೇ ಅಲ್ಲವೇ? ಜೊತೆಗೆ, ಉದ್ದ ಪೈಪು ಕಟ್ಟಿಕೊಂಡು ಕೆಳಗಿನಿಂದಲೇ ಉಸಿರಾಡಲು ಆಗುತ್ತದೆಯೇ?

ಎರಡಕ್ಕೂ ಉತ್ತರ ಇಲ್ಲ ಎಂದೇ. ಮೊದಲನೆಯದನ್ನಂತೂ ದಯವಿಟ್ಟು ಇವತ್ತಿನಿಂದಲೇ ಬಿಡಿ. ಹಾಗೆ ಮಾಡಿದಾಗ ಹೆಚ್ಚು ಹೊತ್ತು ತಡೆಯುವುದು ನಿಜ. ಆದರೆ ಅದು ಆಕ್ಸಿಜನ್ ಹೆಚ್ಚಾದದ್ದರಿಂದ ಅಲ್ಲ, ಉಸಿರು ಬೇಕೆಂದು ಕೂಗುವ ಒಳಗಿನ ಗಂಟೆಯ ಬಾಯಿ ಕಟ್ಟಿದ್ದರಿಂದ.

ಆಕ್ಸಿಮೀಟರಿನಿಂದಲೇ ಶುರು ಮಾಡೋಣ. ಅದು ತೋರಿಸುವುದು ರಕ್ತದ ಹೀಮೋಗ್ಲೋಬಿನ್ನಿನಲ್ಲಿ ನೂರಕ್ಕೆ ಎಷ್ಟು ಪಾಲು ಆಕ್ಸಿಜನ್ ಹಿಡಿದಿದೆ ಎಂಬುದನ್ನು. ಸುಮ್ಮನೆ ಕೂತಿದ್ದಾಗಲೇ ಅದು 97 ಅಥವಾ 98 ಇರುತ್ತದೆ. ತುಂಬಿದ ಕೊಡಕ್ಕೆ ಇನ್ನೊಂದು ತಂಬಿಗೆ ನೀರು ಹಿಡಿಯುವುದಿಲ್ಲ. 1 ಲೀಟರ್ ರಕ್ತ ಹೊರುವುದು ಸುಮಾರು 200 ಮಿ.ಲೀ. ಆಕ್ಸಿಜನ್, ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. 98 ಇದ್ದದ್ದು 99 ಆದರೆ ಸಿಕ್ಕಿದ್ದು 10 ಮಿ.ಲೀ. ಮಾತ್ರ. ಕೂತಿರುವ ಮನುಷ್ಯ ನಿಮಿಷಕ್ಕೆ 250 ಮಿ.ಲೀ. ಆಕ್ಸಿಜನ್ ಬಳಸುತ್ತಾನೆ. ಅಂದರೆ ನೀವು ಗಳಿಸಿದ್ದು ಎರಡು ಮೂರು ಸೆಕೆಂಡಿನ ಖರ್ಚು. ಶ್ವಾಸಕೋಶದ ಗಾಳಿಯಲ್ಲೂ ಆಕ್ಸಿಜನ್ ಸ್ವಲ್ಪ ಹೆಚ್ಚುತ್ತದೆ, ನಿಜ. ಆದರೆ ಮುಳುಗುವ ಮುಂಚೆ ಹೇಗೂ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತೀರಲ್ಲ, ಅದರ ಮೇಲೆ ಇದು ಕೂಡಿಸುವುದು 100 ಮಿ.ಲೀ.ಗಿಂತ ಕಡಿಮೆ. ಕಾಲು ಬಡಿಯುತ್ತ ಇಳಿದು, ಬಂಡೆಗೆ ಅಂಟಿದ ನೀಲಿಕಲ್ಲನ್ನು ಕಬ್ಬಿಣದಿಂದ ಮೀಟುವವನಿಗೆ ಖರ್ಚು ಕೂತವನ ಎರಡು ಮೂರು ಪಟ್ಟು ಇರುತ್ತದೆ. ಆ ಲಾಭ ಅಲ್ಲೇ ಕರಗಿಹೋಗುತ್ತದೆ.

ನಿಜವಾಗಿ ಬದಲಾಗುವುದು ಕಾರ್ಬನ್ ಡೈಆಕ್ಸೈಡ್. ಅಪಧಮನಿಯ ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ 40 ಮಿ.ಮೀ. ಪಾದರಸದಷ್ಟು. ಜೋರಾಗಿ ಇಪ್ಪತ್ತು ಮೂವತ್ತು ಸಲ ಉಸಿರಾಡಿದರೆ ಅದು 20–25ಕ್ಕೆ ಇಳಿಯಬಲ್ಲದು. ಇದನ್ನೇ ಗಂಟೆಯ ಬಾಯಿ ಕಟ್ಟುವುದು ಎಂದೆ. ಯಾಕೆ ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿದ್ದವನು ಮತ್ತೆ ಆ ಅಭ್ಯಾಸಕ್ಕೆ ಹೋಗುವುದಿಲ್ಲ.

ಉಸಿರಾಟದ ಹಿಡಿಕೆ ಇರುವುದು ಮಿದುಳಿನ ಬುಡದ ಮೆಡುಲ್ಲಾದಲ್ಲಿ. ಅಲ್ಲಿಂದ ಹೊರಟ ಆಜ್ಞೆ ಕುತ್ತಿಗೆಯ ನರಗಳ ಮೂಲಕ ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿರುವ ಸ್ನಾಯುವಿಗೆ ಬರುತ್ತದೆ. ವಪೆ ಕೆಳಗಿಳಿದರೆ ಎದೆಗೂಡು ಹಿಗ್ಗುತ್ತದೆ, ಗಾಳಿ ಒಳಗೆ ಬರುತ್ತದೆ. ಈಗ ಎಷ್ಟು ಉಸಿರಾಡಬೇಕು ಎಂದು ಮೆಡುಲ್ಲಾಕ್ಕೆ ಹೇಳುವವರು ಯಾರು? ಆಕ್ಸಿಜನ್ ಎಂದುಕೊಳ್ಳುತ್ತೇವೆ, ಆದರೆ ದಿನನಿತ್ಯದ ಕೆಲಸವನ್ನು ಹೆಚ್ಚಾಗಿ ಮಾಡುವುದು ಕಾರ್ಬನ್ ಡೈಆಕ್ಸೈಡ್. ಅದು ರಕ್ತದಿಂದ ಮಿದುಳಿನ ಸುತ್ತಲಿನ ದ್ರವಕ್ಕೆ ಸುಲಭವಾಗಿ ದಾಟಿ, ನೀರಿನ ಜೊತೆ ಸೇರಿ ಆಮ್ಲವಾಗುತ್ತದೆ. ಆ ಹುಳಿಯನ್ನು ಮೆಡುಲ್ಲಾದ ಮೇಲ್ಮೈಯಲ್ಲಿರುವ ಗ್ರಾಹಕಗಳು ಕೂಡಲೇ ಹಿಡಿಯುತ್ತವೆ. ಉಸಿರಾಟವನ್ನು ಹೆಚ್ಚಾಗಿ ನಡೆಸುವುದು ಕಾರ್ಬನ್ ಡೈಆಕ್ಸೈಡ್ ಎಂಬುದನ್ನು ಇಂಗ್ಲೆಂಡಿನಲ್ಲಿ ಶರೀರವಿಜ್ಞಾನಿಗಳಾದ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ 1905ರಲ್ಲೇ ತೋರಿಸಿದ್ದರು. ಆಕ್ಸಿಜನ್ ನೋಡಿಕೊಳ್ಳುವ ಕಾವಲು ಬೇರೆ ಇದೆ: ಕುತ್ತಿಗೆಯಲ್ಲಿ ಕ್ಯಾರೋಟಿಡ್ ಅಪಧಮನಿ ಕವಲೊಡೆಯುವ ಜಾಗದಲ್ಲಿ, ಅಕ್ಕಿಕಾಳಿನಷ್ಟು ದೊಡ್ಡ ಗ್ರಂಥಿ. ಆದರೆ ಆಕ್ಸಿಜನ್ನಿನ ಒತ್ತಡ (ಇದೂ ಮಿ.ಮೀ. ಪಾದರಸದಲ್ಲೇ, ಆಕ್ಸಿಮೀಟರಿನ ಅಂಕಿ ಅಲ್ಲ) 100ರಿಂದ ಸುಮಾರು 60ಕ್ಕೆ ಇಳಿಯುವ ತನಕ ಅದು ಗಟ್ಟಿಯಾಗಿ ಕೂಗುವುದೇ ಇಲ್ಲ. ಅದೂ ಅಲ್ಲದೆ, ಕಾರ್ಬನ್ ಡೈಆಕ್ಸೈಡ್ ಕಡಿಮೆ ಇದ್ದಾಗ ಅದರ ಕೂಗು ಇನ್ನೂ ಕ್ಷೀಣ.

ಉಸಿರು ಬಿಗಿಹಿಡಿದವನಿಗೆ ಕಾರ್ಬನ್ ಡೈಆಕ್ಸೈಡ್ 50ರ ಹತ್ತಿರ ಬಂದಾಗ ತಡೆಯಲಾರದ ತುಡಿತ ಬರುತ್ತದೆ, ವಪೆ ತಾನಾಗಿ ಎಳೆದು ಎಳೆದು ಕುಣಿಯುತ್ತದೆ. 40ರಿಂದ ಹೊರಟವನು 50 ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಆಕ್ಸಿಜನ್ ಇನ್ನೂ ಉಳಿದಿರುತ್ತದೆ, ಮೇಲೆ ಬರುತ್ತಾನೆ. 20ರಿಂದ ಹೊರಟವನಿಗೆ 50 ಬಹಳ ದೂರ. ಅಷ್ಟರೊಳಗೆ ಆಕ್ಸಿಜನ್ 30ರ ಕೆಳಗೆ ಹೋಗುತ್ತದೆ, ಪ್ರಜ್ಞೆ ಹೋಗುತ್ತದೆ. ಉಸಿರು ಕಟ್ಟಿದ ಅನುಭವವೇ ಆಗಿರುವುದಿಲ್ಲ. ಎಚ್ಚರ ತಪ್ಪುವವನಿಗೆ ಹಾಯಾಗಿಯೇ ಇರುತ್ತದೆ. ಚೆನ್ನಾಗಿ ಈಜು ಬಲ್ಲ ಗಟ್ಟಿ ಹುಡುಗರೇ ಇದಕ್ಕೆ ಸಿಕ್ಕುವುದು ಇದೇ ಕಾರಣಕ್ಕೆ. ಅವರಿಗೆ ತುಡಿತವನ್ನು ತಡೆಯುವ ಹಟವೂ ಇರುತ್ತದೆ. ಘಟ್ಟದ ಮೇಲೆ ಶಿರಸಿ ಕಡೆ ಹೊಳೆಗುಂಡಿಯಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂದು ಮಕ್ಕಳು ಪಂದ್ಯ ಕಟ್ಟುತ್ತಾರಲ್ಲ, ಅಲ್ಲಿ ಆಳವೇ ಬೇಕಿಲ್ಲ, ಕುತ್ತಿಗೆಮಟ್ಟದ ನೀರಿನಲ್ಲೂ ಇದು ಆಗುತ್ತದೆ.

ಜೋರಾಗಿ ಉಸಿರು ಎಳೆದುಬಿಡುವಾಗ ಬೆರಳ ತುದಿ, ತುಟಿ ಜುಮುಜುಮು ಅನ್ನುವುದು, ತಲೆ ಹಗುರಾಗುವುದು ನಿಮಗೂ ಗೊತ್ತಿರಬಹುದು. ಅದು ಆಕ್ಸಿಜನ್ ತುಂಬಿದ ಗುರುತಲ್ಲ. ಕಾರ್ಬನ್ ಡೈಆಕ್ಸೈಡ್ ತೀರ ಇಳಿದರೆ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಹೀಮೋಗ್ಲೋಬಿನ್ನೂ ಆಕ್ಸಿಜನ್ನನ್ನು ಬಿಗಿಯಾಗಿ ಹಿಡಿದುಕೊಂಡು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೀಟರಿನಲ್ಲಿ 99 ಇದ್ದರೂ ಮಿದುಳಿಗೆ ಸಿಗುವುದು ಕಡಿಮೆಯೇ.

ಇನ್ನು ಆಳದ ವಿಷಯ. ನೀಲಿಕಲ್ಲಿಗೆ ಮುಳುಗುವವರು ಇದನ್ನು ಗಮನವಿಟ್ಟು ಓದಬೇಕು. 10 ಮೀಟರ್, ಅಂದರೆ ಸುಮಾರು ಐದೂವರೆ ಮಾರು ಇಳಿದರೆ ಒತ್ತಡ ಮೇಲಿನದ್ದರ ಎರಡು ಪಟ್ಟು. ಎದೆ ತುಂಬ 6 ಲೀಟರ್ ಗಾಳಿ ತೆಗೆದುಕೊಂಡು ಹೋದರೆ ಕೆಳಗೆ ಅದು 3 ಲೀಟರಾಗಿ ಕುಗ್ಗುತ್ತದೆ. ಗಾಳಿ ಕುಗ್ಗಿದಾಗ ಅದರೊಳಗಿನ ಆಕ್ಸಿಜನ್ನಿನ ಒತ್ತಡವೂ ಎರಡು ಪಟ್ಟಾಗುತ್ತದೆ. ಹಾಗಾಗಿ ತಳದಲ್ಲಿ ಇದ್ದಷ್ಟು ಹೊತ್ತು ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ, ಶ್ವಾಸಕೋಶದ ಪುಟ್ಟ ಗಾಳಿಗೂಡುಗಳಿಂದ ರಕ್ತಕ್ಕೆ ಆಕ್ಸಿಜನ್ ಸರಾಗ ಹೋಗುತ್ತಿರುತ್ತದೆ. ತಳದಲ್ಲಿ ಅದು ಖರ್ಚಾಗಿ 60ಕ್ಕೆ ಬಂದಿದೆ ಎಂದಿಟ್ಟುಕೊಳ್ಳಿ. ಅಷ್ಟಿದ್ದರೆ ಎಚ್ಚರ ಇರುತ್ತದೆ, ಇನ್ನೂ ಎರಡು ಕಲ್ಲು ಕಿತ್ತೇ ಹೋಗೋಣ ಅನ್ನಿಸುತ್ತದೆ. ಆಮೇಲೆ ಮೇಲಕ್ಕೆ ಹೊರಟಿರಿ. ಒತ್ತಡ ಅರ್ಧವಾಗುತ್ತ ಬಂತು, 60 ಇದ್ದದ್ದು ಮೇಲ್ಮೈ ಹತ್ತಿರ ಬರುವಾಗ 30. ಹೃದಯದಿಂದ ಶ್ವಾಸಕೋಶಕ್ಕೆ ಮರಳಿ ಬರುವ ರಕ್ತದಲ್ಲೇ ಆಕ್ಸಿಜನ್ ಸುಮಾರು 40ರಷ್ಟಿರುತ್ತದೆ. ಶ್ವಾಸಕೋಶದಲ್ಲಿ ಅದಕ್ಕಿಂತ ಕಡಿಮೆ ಆಯಿತೆಂದರೆ ಹರಿವು ತಿರುಗಿಬೀಳುತ್ತದೆ: ಆಕ್ಸಿಜನ್ ರಕ್ತದಿಂದ ಹೊರಟು ಶ್ವಾಸಕೋಶಕ್ಕೆ ಸೇರತೊಡಗುತ್ತದೆ. ಕೊನೆಯ ಎರಡು ಮೂರು ಮಾರಿನಲ್ಲಿ, ಬೆಳಕು ಕಾಣುತ್ತಿರುವಾಗಲೇ, ಕಣ್ಣು ಕತ್ತಲಾಗುವುದು ಹೀಗೆ. ಕೆಲವೊಮ್ಮೆ ತಲೆ ನೀರಿನಿಂದ ಹೊರಗೆ ಬಂದು, ಒಂದು ಉಸಿರು ಎಳೆದ ಮೇಲೂ ಆಗುತ್ತದೆ. ಆ ಉಸಿರಿನ ಆಕ್ಸಿಜನ್ ಶ್ವಾಸಕೋಶದಿಂದ ಮಿದುಳು ಮುಟ್ಟಲು ಕೆಲವು ಸೆಕೆಂಡು ಬೇಕು.

ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಎದೆಮಟ್ಟದ ನೀರಿನಲ್ಲಿ ಬಳಚು (ಇನ್ನೊಂದು ಚಿಪ್ಪುಜೀವಿ) ಬಾಚುವವರಿಗೆ ಈ ಒತ್ತಡದ ಲೆಕ್ಕ ಅಷ್ಟು ತಾಗುವುದಿಲ್ಲ. ನಿಮಗೆ ತಾಗುತ್ತದೆ.

ಹಾಗಾದರೆ ಹೇಗೆ ಮುಳುಗಬೇಕು? ನೀರಿನ ಮೇಲೆ ಏನಾದರೂ ಹಿಡಿದು ತೇಲುತ್ತ ಎರಡು ನಿಮಿಷ ಮಾಮೂಲಿ ಉಸಿರಾಡಿ, ಅವಸರ ಬೇಡ. ಕೊನೆಗೆ ಒಂದೇ ಒಂದು ಆಳವಾದ ಉಸಿರು, ಮೊದಲು ಹೊಟ್ಟೆ, ಆಮೇಲೆ ಪಕ್ಕೆ ತುಂಬುವ ಹಾಗೆ. ಅಷ್ಟೇ ಸಾಕು. ಮೊದಲ ತುಡಿತ ಬಂದ ಕೂಡಲೇ ಕೈಯಲ್ಲಿರುವುದನ್ನು ಬಿಟ್ಟು ಮೇಲೆ ಹೊರಡಿ. ವಪೆ ಎಳೆಯುವ ತನಕ ಕಾಯಬೇಡಿ. ಕೆಳಗೆ ಎಷ್ಟು ಹೊತ್ತು ಇದ್ದಿರೋ ಕನಿಷ್ಠ ಅದರ ಎರಡು ಪಟ್ಟು ಹೊತ್ತು ಮೇಲೆ ವಿಶ್ರಾಂತಿ. ಮೇಲೆ ಬಂದಾಗ ಬಾಯಿಂದ ಉಸಿರನ್ನು ಒಮ್ಮೆಗೇ ಪೂರ್ತಿ ಬಿಟ್ಟುಬಿಡಬೇಡಿ. ಸ್ವಲ್ಪ ಬಿಟ್ಟು ಪಟ್ಟನೆ ಎಳೆಯಿರಿ, ಎಳೆದದ್ದನ್ನು ಒಂದೆರಡು ಕ್ಷಣ ಹಿಡಿದಿಡಿ, ಹೀಗೆ ಮೂರು ನಾಲ್ಕು ಸಲ.

ಎಲ್ಲಕ್ಕಿಂತ ದೊಡ್ಡದು: ನೀವೂ ತಮ್ಮನೂ ಒಟ್ಟಿಗೆ ಮುಳುಗಬೇಡಿ. ಒಬ್ಬ ಕೆಳಗೆ, ಒಬ್ಬ ಮೇಲೆ. ಮೇಲಿದ್ದವನು ಕಣ್ಣು ತೆಗೆಯದೆ ನೋಡುತ್ತಿರಬೇಕು. ಕೆಳಗಿದ್ದವನು ಮೇಲೆ ಬಂದ ಮೇಲೂ 30 ಸೆಕೆಂಡು ಅವನ ಮುಖ ನೋಡುತ್ತಲೇ ಇರಬೇಕು. ಮಳೆಗಾಲ ಮುಗಿದ ಹೊಸದರಲ್ಲಿ ನೀರು ಕದಡಿ ಕೆಳಗಿದ್ದವನು ಕಾಣುವುದಿಲ್ಲ, ಆ ದಿನಗಳಲ್ಲಿ ತೇಲುಬುರುಡೆಗೆ ಹಗ್ಗ ಕಟ್ಟಿ ಅದರ ಗುಂಟವೇ ಇಳಿಯಿರಿ, ಇಲ್ಲವೇ ಇಳಿಯಲೇಬೇಡಿ. ಸೊಂಟಕ್ಕೆ ಸೀಸ ಕಟ್ಟುವುದಿದ್ದರೆ ಒಂದೇ ಕೈಯಲ್ಲಿ ಕಳಚುವಂತಿರಲಿ. ಮೇಲ್ಮೈಯಲ್ಲಿ ಉಸಿರು ಬಿಟ್ಟ ಮೇಲೂ ತೇಲುವಷ್ಟೇ ತೂಕ ಇರಲಿ. ಎಚ್ಚರ ತಪ್ಪಿದವನು ತೇಲಿದರೆ ಸಿಗುತ್ತಾನೆ, ಮುಳುಗಿದರೆ ಹುಡುಕಬೇಕು. ನೆಗಡಿ ಇದ್ದ ದಿನ ಕಿವಿಯೊಳಗಿನ ಒತ್ತಡ ಸರಿದೂಗುವುದಿಲ್ಲ, ತಮಟೆ ಹರಿಯಬಹುದು, ಆ ದಿನ ದಡದಲ್ಲೇ ಇರಿ.

ಪೈಪಿನ ವಿಷಯಕ್ಕೆ ಬರುತ್ತೇನೆ. ಇದು ಎರಡು ಕಡೆ ಕೆಡುತ್ತದೆ. ಒಂದು ಉಸಿರಿಗೆ ನಾವು ಎಳೆಯುವುದು ಸುಮಾರು 500 ಮಿ.ಲೀ. ಅದರಲ್ಲಿ 150 ಮಿ.ಲೀ. ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿದು ಹಾಗೇ ಹೊರಗೆ ಬರುತ್ತದೆ, ಗಾಳಿಗೂಡು ತಲುಪುವುದು 350 ಮಾತ್ರ. 2 ಸೆಂ.ಮೀ. ಒಳವ್ಯಾಸದ 2 ಮೀಟರ್ ಪೈಪಿನೊಳಗೆ 600 ಮಿ.ಲೀ.ಗೂ ಹೆಚ್ಚು ಗಾಳಿ ಹಿಡಿಯುತ್ತದೆ. ನೀವು ಬಿಟ್ಟ ಉಸಿರು ಪೈಪಿನ ಇನ್ನೊಂದು ತುದಿಯನ್ನೇ ಮುಟ್ಟುವುದಿಲ್ಲ, ಅದನ್ನೇ ತಿರುಗಿ ಎಳೆಯುತ್ತೀರಿ. ಸಣ್ಣ ಪೈಪು ಹಾಕಿದರೆ ಗಾಳಿ ಎಳೆಯುವುದೇ ಕಷ್ಟ. ಎರಡನೆಯದು ಇದಕ್ಕಿಂತ ಕೆಟ್ಟದ್ದು. 1 ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಸೆಂ.ಮೀ.ಗೆ 100 ಗ್ರಾಂ ಒತ್ತುತ್ತದೆ. ಎದೆಯ ಮುಂಭಾಗ 30 ಸೆಂ.ಮೀ.ಗೆ 30 ಸೆಂ.ಮೀ. ಎಂದುಕೊಂಡರೆ 90 ಕೆ.ಜಿ., ಎರಡು ಸಿಮೆಂಟ್ ಚೀಲಕ್ಕೆ ಸ್ವಲ್ಪವೇ ಕಡಿಮೆ. ಬಿಗಿಹಿಡಿದ ಉಸಿರಿನಲ್ಲಿ ಇಳಿದಾಗ ಒಳಗಿನ ಗಾಳಿಯೂ ಕುಗ್ಗಿ ಅಷ್ಟೇ ಒತ್ತಡಕ್ಕೆ ಬರುವುದರಿಂದ ಇದು ಗೊತ್ತಾಗುವುದಿಲ್ಲ. ಪೈಪು ಕಟ್ಟಿದಾಗ ಮಾತ್ರ ಒಳಗೆ ಮೇಲಿನ ಗಾಳಿ, ಹೊರಗೆ ಸಮುದ್ರ. ಪ್ರತಿ ಉಸಿರಿಗೂ ಆ ಭಾರ ಎತ್ತಲು ವಪೆಗೆ ಆಗುವುದಿಲ್ಲ. ಹಟ ಹಿಡಿದರೆ ಶ್ವಾಸಕೋಶದೊಳಕ್ಕೆ ರಕ್ತದ ದ್ರವ ಒಸರುತ್ತದೆ. ಅಂಗಡಿಯ ಸ್ನಾರ್ಕೆಲ್ ಕೊಳವೆ 40 ಸೆಂ.ಮೀ. ದಾಟದಿರುವುದು ಇದೇ ಕಾರಣಕ್ಕೆ.

ಯಾರಾದರೂ ದೋಣಿಯ ಮೇಲೆ ಕಂಪ್ರೆಸರ್ ಇಟ್ಟು ಪೈಪಿನಲ್ಲಿ ಗಾಳಿ ಬಿಡುತ್ತೇವೆ ಎಂದರೆ, ಅಥವಾ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾಕ್ಕೆ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಲು, ಕರೆದರೆ, ಅಲ್ಲಿ ನಿಯಮವೇ ತಿರುಗಾಮುರುಗಾ. ಆಳದಲ್ಲಿ ಒತ್ತಡದ ಗಾಳಿ ತುಂಬಿಕೊಂಡವನು ಉಸಿರು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯುತ್ತದೆ. ತುಂಬಿದ ಎದೆಗೆ ಒಂದೂಕಾಲು ಮೀಟರಿನಷ್ಟು ಏರಿಕೆ ಸಾಕು. ಮುಳುಗು ಬಲ್ಲ ನಮ್ಮವರಿಗೆ ಉಸಿರು ಹಿಡಿಯುವುದೇ ರೂಢಿ, ಅದಕ್ಕೇ ಇಲ್ಲಿ ಅವರಿಗೇ ಅಪಾಯ ಹೆಚ್ಚು. ಗಾರೇಜಿನ ಟೈರಿಗೆ ಗಾಳಿ ತುಂಬುವ ಕಂಪ್ರೆಸರನ್ನಂತೂ ಇದಕ್ಕೆ ಬಳಸಲೇಬಾರದು, ಎಣ್ಣೆಯ ಆವಿ, ಎಂಜಿನ್ ಹೊಗೆ ನೇರ ಒಳಗೆ ಹೋಗುತ್ತದೆ.

ಯಾವ ಎಚ್ಚರಿಕೆ ಮಾಡಿದರೂ ಒಂದು ದಿನ ತಮ್ಮ ಕಣ್ಣು ಮುಚ್ಚಿ ತೇಲಿದರೆ ಏನು ಮಾಡಬೇಕೆಂಬುದು ಈಗಲೇ ಗೊತ್ತಿರಲಿ. ಮುಖ ನೀರಿನಿಂದ ಮೇಲೆತ್ತಿ, ಮುಳುಗುವಾಗ ಹಾಕಿದ ಕನ್ನಡಕ ಕಿತ್ತು, ಕೆನ್ನೆ ತಟ್ಟಿ ಹೆಸರು ಹಿಡಿದು ಕೂಗಿ. ನೀರು ಒಳಗೆ ಹೋಗದಂತೆ ಧ್ವನಿಪೆಟ್ಟಿಗೆ ಬಿಗಿದು ಮುಚ್ಚಿಕೊಂಡಿರುತ್ತದೆ, ಬೇಗ ಎತ್ತಿದರೆ ಬಹಳ ಸಲ ಇಷ್ಟಕ್ಕೇ ಉಸಿರು ತಿರುಗುತ್ತದೆ. ತಿರುಗದಿದ್ದರೆ ದೋಣಿಗೋ ದಡಕ್ಕೋ ಎಳೆದು, ಗಲ್ಲ ಎತ್ತಿ ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು 2ರಿಂದ 5 ಸಲ ಎದೆ ಏಳುವಷ್ಟು ಊದಿ. ಮುಳುಗಿದವನಿಗೆ ಮೊದಲು ಬೇಕಾದ್ದು ಗಾಳಿ. ಆಗಲೂ ಮಿಸುಕದಿದ್ದರೆ ಎದೆಯ ನಡುವೆ 5–6 ಸೆಂ.ಮೀ. ಇಳಿಯುವಂತೆ, ನಿಮಿಷಕ್ಕೆ 100–120ರ ವೇಗದಲ್ಲಿ 30 ಸಲ ಒತ್ತಿ, 2 ಸಲ ಊದಿ, ಮತ್ತೆ 30. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಹೊಟ್ಟೆ ಅದುಮಿ ನೀರು ಕಕ್ಕಿಸಲು ಹೋಗಬೇಡಿ. ಹೊರಬರುವುದು ಹೊಟ್ಟೆಯ ನೀರು, ಅದೇ ಶ್ವಾಸನಾಳಕ್ಕೆ ನುಗ್ಗುತ್ತದೆ, ಹೊತ್ತೂ ಹಾಳು. ಅವನು ಎದ್ದು ಕೂತು ಮಾತಾಡಿದರೂ, ನೀರು ಕುಡಿದು ಕೆಮ್ಮುತ್ತಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಳಿಗೂಡುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಒಳಗೆ ಒಂದು ತೆಳುವಾದ ಜಿಡ್ಡಿನ ಪದರ ಇರುತ್ತದೆ, ಉಪ್ಪುನೀರು ಅದನ್ನು ತೊಳೆದು ಹಾಕಿರುತ್ತದೆ. ಉಬ್ಬಸ ಕೆಲವು ಗಂಟೆ ಬಿಟ್ಟು ಶುರುವಾಗಬಹುದು, ಅದಕ್ಕೇ ಆರರಿಂದ ಎಂಟು ಗಂಟೆ ಅಲ್ಲಿ ಇಟ್ಟು ನೋಡುತ್ತಾರೆ.