ಪ್ರತಿಕ್ರಿಯೆ: ಹಟ ಅಲ್ಲ, ಅವಳಿಗೆ ವ್ಯತ್ಯಾಸ ಗೊತ್ತಾಗಿದೆ

ನಾಲ್ಕು ವರ್ಷದ ಮಗಳು ತಮ್ಮನಿಗೆ ಹೊಡೆಯೋದು ತಪ್ಪು ಅಂತ ಒಪ್ಪುತ್ತಾಳೆ, ಆದರೆ ಚಪ್ಪಲಿ ಹೊರಗೆ ಬಿಡು ಅಂದರೆ ಮಾತ್ರ ‘ಯಾಕೆ?’ ಅಂತ ವಾದಕ್ಕೆ ನಿಲ್ಲುತ್ತಾಳೆ, ಇದು ಹಟವಾ ಅಂತ ಕೇಳಿದ್ದೀರಿ. ನನಗೇನೋ ಹಾಗನ್ನಿಸುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಟುರಿಯಲ್ ಮತ್ತು ಜೊತೆಯವರು ಪುಟ್ಟ ಮಕ್ಕಳನ್ನು ಇದನ್ನೇ ಕೇಳಿ ನೋಡಿದ್ದಾರೆ. ‘ಟೀಚರ್ ಪರವಾಗಿಲ್ಲ ಅಂದರೆ ಹೀಗೆ ಮಾಡಬಹುದಾ?’ ಕೂತುಕೊಳ್ಳುವ ಜಾಗ, ಬಟ್ಟೆ, ಇಂಥ ಪದ್ಧತಿಗಳಿಗೆ ಮಕ್ಕಳು ಹೂಂ ಅನ್ನುತ್ತಾರೆ. ಹೊಡೆಯೋದಕ್ಕೆ ಮಾತ್ರ ಜಾಸ್ತಿ ಮಕ್ಕಳು ಊಹೂಂ, ಯಾಕಂದರೆ ನೋವಾಗುತ್ತೆ. ನಿಮ್ಮ ಮಗಳೂ ತಮ್ಮ ಅತ್ತಿದ್ದನ್ನು ನೋಡಿದ್ದಾಳೆ, ಚಪ್ಪಲಿ ಒಳಗೆ ಬಂದರೆ ಯಾರೂ ಅಳುವುದಿಲ್ಲವಲ್ಲ!

ಹಾಗಂತ ಪುಟ್ಟ ಮಕ್ಕಳಿಗೆ ಎಲ್ಲ ತಿಳಿದಿದೆ ಅಂತಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ 1932ರಲ್ಲೇ ಬರೆದಿದ್ದರು: ಗೊತ್ತಿಲ್ಲದೆ 15 ಕಪ್ ಒಡೆದವನು, ಕದ್ದು ಜಾಮ್ ತೆಗೆಯಲು ಹೋಗಿ ಒಂದೇ ಕಪ್ ಒಡೆದವನಿಗಿಂತ ಕೆಟ್ಟವನು ಅಂತ ಚಿಕ್ಕ ಮಕ್ಕಳು ಹೇಳುತ್ತಿದ್ದರಂತೆ. (ನಮ್ಮಲ್ಲಿ ಲೋಟ ಒಡೆದಾಗ ದೊಡ್ಡವರೂ ಹಾಗೇ ಕೂಗಾಡುತ್ತೇವೆ, ಅಲ್ವಾ?)

ಚಪ್ಪಲಿಗೆ ಸುಮ್ನೆ ‘ತಪ್ಪು, ಪಾಪ’ ಅನ್ನಬೇಡಿ. ‘ರಸ್ತೆ ಕೊಳೆ ಒಳಗೆ ಬರುತ್ತೆ, ತಮ್ಮ ಇಲ್ಲೇ ಅಂಬೆಗಾಲಿಡುತ್ತಾನೆ’ ಅಂತ ಹೇಳಿ ನೋಡಿ.