ರಾಟವಾಳಗಳ ಕಾಳಿಗೆ ಕಾಗೆಗಳ ಕಾಟ

ಮಣಿಪಾಲದ ನಿಮ್ಮ ಅಂಗಳಕ್ಕೆ ಕಾಳು ತಿನ್ನಲು ಬರುವ ರಾಟವಾಳಗಳನ್ನು (ಗುಬ್ಬಿಯಂಥ ಪುಟ್ಟ ಮುನಿಯಾ ಹಕ್ಕಿಗಳನ್ನು) ಕಾಗೆ, ಗೊರವಂಕಗಳು ಅಟ್ಟಿಬಿಡುತ್ತವೆ, ಏನು ಮಾಡಲಿ ಎಂದು ಕೇಳಿದ್ದೀರಿ. ತಟ್ಟೆಯಲ್ಲಿ ಅನ್ನ, ದೋಸೆಯ ತುಂಡು ಇದ್ದರೆ ಕಾಗೆ ಬಂದೇ ಬರುತ್ತದೆ. ನವಣೆ ಅಥವಾ ಭತ್ತವನ್ನಷ್ಟೇ ಇಡಿ. ತಟ್ಟೆಯ ಸುತ್ತ ಸುಮಾರು 4 ಸೆಂಟಿಮೀಟರ್ ಕಣ್ಣಿನ ತಂತಿಬಲೆಯ ಗೂಡು ಕಟ್ಟಿ, ಹೊರಗಿನಿಂದ ಕೊಕ್ಕು ಚಾಚಿದರೂ ಎಟುಕದಂತೆ ತಟ್ಟೆಯನ್ನು ನಡುವೆ ಇರಿಸಿದರೆ, ಪುಟ್ಟ ರಾಟವಾಳಗಳು ಸಲೀಸಾಗಿ ನುಸುಳುತ್ತವೆ, ದೊಡ್ಡ ಹಕ್ಕಿಗಳು ಹೊರಗೇ ಉಳಿಯುತ್ತವೆ. ನಮ್ಮ ಮನೆಯಲ್ಲಿ ಹೀಗೆ ಮಾಡಿದ ಮೇಲೆ, ರಾಟವಾಳಗಳು ಭತ್ತವನ್ನು ಕೊಕ್ಕಿನಲ್ಲೇ ಹೊರಳಿಸಿ ಉಮಿ ಉದುರಿಸುವುದನ್ನು ನೆಮ್ಮದಿಯಿಂದ ನೋಡುತ್ತಿದ್ದೇನೆ. ಕಲ್ಲು, ಕವಣೆ ದಯವಿಟ್ಟು ಬೇಡ. ಬೇಸಿಗೆಯಲ್ಲಿ ಕಾಗೆ ತಲೆಗೆ ಕುಕ್ಕಲು ಬಂದರೆ ಹೆಚ್ಚಾಗಿ ಹತ್ತಿರದ ಮರದಲ್ಲಿ ಅದರ ಮರಿಗಳಿರುತ್ತವೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೇವಕ್ಕೆ ಕಾಳು ಬೇಗನೆ ಬೂಷ್ಟು ಹಿಡಿಯುವುದರಿಂದ, ಉಳಿದದ್ದನ್ನು ದಿನವೂ ತೆಗೆದು ತಟ್ಟೆ ತೊಳೆಯಿರಿ.