ಬಳೆಯ ವಿಷಯ ಮೊದಲು ಹೇಳಿ

ಈ ವಾರದ ಪತ್ರ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಿಂದ ಬಂದಿದೆ. ಹೆಸರು ಹಾಕಬೇಡಿ, ಊರೂ ಬೇಡ ಅಂದಿದ್ದಾರೆ. ಹಾಕುವುದಿಲ್ಲ. ಆದರೆ ಪತ್ರ ಓದಿದಂದಿನಿಂದ ತಲೆಯಲ್ಲಿ ಕೊರೆಯುತ್ತಿದೆ. ಹಾಗಾಗಿ ಸರದಿಯಲ್ಲಿದ್ದ ಬೇರೆ ಪತ್ರಗಳನ್ನು ಬದಿಗಿಟ್ಟು ಇದಕ್ಕೇ ಮೊದಲು ಉತ್ತರಿಸುತ್ತಿದ್ದೇನೆ.

ಗಂಡ ಕತಾರ್‌ನಲ್ಲಿದ್ದಾರೆ. ಒಬ್ಬನೇ ಮಗ, ಸಿಬಿಎಸ್‌ಇ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸುತ್ತಿದ್ದಾನೆ. ಕಂಪನಿಯವರು ಓವರ್‌ಟೈಮ್ ನಿಲ್ಲಿಸಿದ ಮೇಲೆ ಮನೆಗೆ ಬರುವ ಹಣ ಕಡಿಮೆಯಾಗಿದೆ. ಫೀಸು, ವ್ಯಾನಿನ ಬಾಡಿಗೆ, ಸಂಜೆಯ ಟ್ಯೂಷನ್ ಎಲ್ಲ ಸೇರಿದರೆ ನಿಭಾಯಿಸಲು ಆಗುತ್ತಿಲ್ಲ. ಫೀಸಿನ ಎರಡು ಕಂತು ಬಾಕಿ. ಅದನ್ನು ಕಟ್ಟದೆ ಟಿ.ಸಿ. ಸಿಗದು ಅಂತ ಶಾಲೆಯ ಆಫೀಸಿನವರು ಹೇಳಿದ್ದಾರೆ. ಮನೆಯಿಂದ ನಡೆದೇ ಹೋಗುವಷ್ಟು ದೂರದಲ್ಲಿ ಸರ್ಕಾರಿ ಹೈಸ್ಕೂಲ್ ಇದೆ. ಎಂಟಕ್ಕೆ ಅಲ್ಲಿಗೆ ಸೇರಿಸೋಣ ಅಂತ ಇವರಿಗೆ ಅನ್ನಿಸಿದೆ, ಗಂಡನಿಗೆ ಇನ್ನೂ ಹೇಳಿಲ್ಲ. ಮಂಗಳೂರಿನ ನಾದಿನಿಯ ಹತ್ತಿರ ಮಾತ್ರ ಬಾಯಿಬಿಟ್ಟರು. ಅವರು ಹೇಳಿದ್ದು: "ನಮ್ಮ ಮನೆಯ ಮಕ್ಕಳು ಯಾರಾದರೂ ಈಗ ಸರ್ಕಾರಿ ಶಾಲೆಗೆ ಹೋಗ್ತಾರಾ ಅತ್ತಿಗೆ? ಅಣ್ಣನ ಮರ್ಯಾದೆ ಏನಾಗಬೇಕು?" ಪತ್ರದ ಕೊನೆಗೆ ಒಂದೇ ಪ್ರಶ್ನೆ: ಸರ್ಕಾರಿ ಶಾಲೆಗೆ ಹಾಕಿದರೆ ಮಗ ಹಿಂದೆ ಬೀಳುತ್ತಾನಾ?

ಈ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಆದರೆ ಅದಕ್ಕೆ ಮೊದಲು ಎರಡನೇ ಪುಟ. ಅಲ್ಲಿ ವ್ಯಾನಿನ ಬಾಡಿಗೆಯ ಲೆಕ್ಕಕ್ಕೂ ಟ್ಯೂಷನ್ನಿನ ಲೆಕ್ಕಕ್ಕೂ ನಡುವೆ ಒಂದು ಸಾಲು ಬರೆದಿದ್ದೀರಿ: "ನನ್ನ ಬಳೆ ಸೊಸೈಟಿಯಲ್ಲಿದೆ, ಇವರಿಗೆ ಗೊತ್ತಿಲ್ಲ, ಅದನ್ನು ಹೇಗಾದರೂ ಬಿಡಿಸಿಕೊಳ್ಳಬಹುದು."

ತಂಗೀ, ಇದು ಒಂದು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ. ನಿಮ್ಮ ಪತ್ರ ಇರುವುದೇ ಈ ಸಾಲಿನಲ್ಲಿ.

ಯೋಚಿಸಿ ನೋಡಿ. ಕತಾರ್‌ನಲ್ಲಿರುವ ಮನುಷ್ಯ ಏನು ಅಂದುಕೊಂಡಿದ್ದಾರೆ? ತಾನು ಕಳಿಸುವ ದುಡ್ಡಿನಲ್ಲಿ ಮನೆಯೂ ನಡೆಯುತ್ತಿದೆ, ಮಗನ ಶಾಲೆಯೂ ನಡೆಯುತ್ತಿದೆ ಅಂತ. ಆ ಲೆಕ್ಕ ತಪ್ಪು. ತಪ್ಪು ಅಂತ ಗೊತ್ತಿರುವುದು ನಿಮಗೆ ಮತ್ತು ಸೊಸೈಟಿಯ ಗುಮಾಸ್ತರಿಗೆ ಮಾತ್ರ. ನೀವು ಸುಳ್ಳು ಹೇಳಿಲ್ಲ, ನಿಜ. ಅವರಿಗೆ ಅಲ್ಲಿ ಚಿಂತೆ ಬೇಡ ಅಂತ ಸುಮ್ಮನಿದ್ದೀರಿ. ಆದರೆ ಅಡವಿಟ್ಟ ಚಿನ್ನ ಸುಮ್ಮನಿರುವುದಿಲ್ಲ. ಬಡ್ಡಿ ಏರುತ್ತದೆ. ಅವಧಿ ಮುಗಿದರೆ ಹೊಸದಾಗಿ ಮಾಡಿಸಬೇಕು, ಇಲ್ಲವಾದರೆ ಮನೆಗೆ ನೋಟಿಸು ಬರುತ್ತದೆ. ಆ ದಿನ ಪೋಸ್ಟ್‌ಮ್ಯಾನ್ ಬಂದಾಗ ಜಗಲಿಯಲ್ಲಿ ಕೂತಿರುವುದು ನಿಮ್ಮ ಅತ್ತೆ. ಅತ್ತೆಯಿಂದ ನಾದಿನಿಗೆ, ನಾದಿನಿಯಿಂದ ಅಣ್ಣನಿಗೆ. ಈ ಎರಡು ಫೋನಿಗೆ ಹೆಚ್ಚೆಂದರೆ ಅರ್ಧ ಗಂಟೆ ಸಾಕು.

ಇನ್ನೊಂದು ವಿಷಯ. ಬಳೆಯ ಸುದ್ದಿ ಹೇಳದೆ ಶಾಲೆಯ ಸುದ್ದಿ ಮಾತ್ರ ಹೇಳಿದರೆ ಅದು ನಿಮ್ಮ ಹಟದಂತೆ ಕೇಳುತ್ತದೆ. "ಎಲ್ಲ ಸರಿ ಇರುವಾಗ ಇವಳಿಗೆ ಯಾಕಪ್ಪಾ ಇದು" ಅಂತ ಅವರಿಗೆ ಅನ್ನಿಸುವುದು ಸಹಜ. ಎಲ್ಲ ಸರಿ ಇಲ್ಲ ಅಂತ ನೀವು ಹೇಳಿಯೇ ಇಲ್ಲವಲ್ಲ!

ನಾದಿನಿಯ ವಿಷಯಕ್ಕೆ ಬರುತ್ತೇನೆ. ಬರದೆ ಇರಲು ನನ್ನಿಂದ ಆಗುವುದಿಲ್ಲ. ಫೀಸು ಕಟ್ಟದವರ ಸಲಹೆಗೆ ಕಿವಿ ಕೊಡಬೇಡಿ ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಓದುಗರಿಗೆ ಬೇಜಾರು ಬಂದಿರಬಹುದು, ನನಗೆ ಬಂದಿಲ್ಲ. ಅಣ್ಣನ ಮರ್ಯಾದೆ ಕಾಯುವ ಆಸೆ ಇದ್ದರೆ ಒಂದು ಕಂತಾದರೂ ಕಟ್ಟಬಹುದಿತ್ತು, ಅಲ್ವಾ? ನಿಮ್ಮ ಗಂಡ ಎಸ್ಸೆಸ್ಸೆಲ್ಸಿ ಮುಗಿಸಿದ್ದು ಅದೇ ಹೈಸ್ಕೂಲಿನಲ್ಲಿ ಅಂತ ನೀವೇ ಬರೆದಿದ್ದೀರಿ. ತಂಗಿ ಬೇರೆ ಎಲ್ಲಿ ಓದಿರುತ್ತಾರೆ? ನೀವು ಬರೆದಿಲ್ಲ, ನಾನು ಊಹಿಸಬಲ್ಲೆ.

ಈಗ ಶಾಲೆ.

ಹಿಂದೆ ಬೀಳುತ್ತಾನಾ ಅಂದರೆ, ಇಲ್ಲ. ಶಾಲೆ ಬದಲಿಸುವುದಿದ್ದರೆ ಇದಕ್ಕಿಂತ ಒಳ್ಳೆಯ ವರ್ಷ ಇಲ್ಲ. ಕೇರಳದಲ್ಲಿ ಹೈಸ್ಕೂಲ್ ಶುರುವಾಗುವುದೇ ಎಂಟರಿಂದ. ಸುತ್ತಲಿನ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಗಳಿಂದ ಏಳು ಮುಗಿಸಿದ ಮಕ್ಕಳೆಲ್ಲ ಜೂನ್‌ನಲ್ಲಿ ಒಟ್ಟಿಗೆ ಬಂದು ಸೇರುತ್ತಾರೆ. ನಿಮ್ಮ ಮಗನೊಬ್ಬನೇ ಹೊಸಬ ಆಗುವುದಿಲ್ಲ. ಒಂಬತ್ತಕ್ಕೋ ಹತ್ತಕ್ಕೋ ತಂದು ಹಾಕುವ ಹೆತ್ತವರಿದ್ದಾರೆ, ಆಗ ಮಗುವಿಗೆ ನಿಜವಾಗಿ ಕಷ್ಟ.

"ಅಲ್ಲಿ ಎಲ್ಲರನ್ನೂ ಪಾಸು ಮಾಡುತ್ತಾರಂತೆ" ಅಂತ ಬರೆದಿದ್ದೀರಿ. ಅದು ಹಳೆಯ ಮಾತು. 2024-25ರಿಂದ ಎಂಟನೇ ಕ್ಲಾಸಿಗೆ ಹೊಸ ನಿಯಮ ಬಂದಿದೆ. ಪ್ರತಿ ವಿಷಯದ ಬರವಣಿಗೆ ಪರೀಕ್ಷೆಯಲ್ಲೂ ಕನಿಷ್ಠ ಶೇ. 30 ಅಂಕ ಬೇಕು. ಬರದಿದ್ದವರಿಗೆ ಹೆಚ್ಚುವರಿ ಕ್ಲಾಸು ಮಾಡಿ ಮತ್ತೆ ಪರೀಕ್ಷೆ ಕೊಡುತ್ತಾರೆ.

ಸೌಕರ್ಯದ ಬಗ್ಗೆಯೂ ಕೇಳಿದ್ದೀರಿ. ಹೈಟೆಕ್ ಯೋಜನೆಯಲ್ಲಿ ರಾಜ್ಯದ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದಿವೆ. ಎಂಟರಿಂದ ಹನ್ನೆರಡರವರೆಗಿನ ಕ್ಲಾಸುಗಳಿಗೆ. ಆದರೆ ಪ್ರೊಜೆಕ್ಟರ್ ನೋಡಿ ಮರುಳಾಗಬೇಡಿ, ಗಣಿತ ಕಲಿಸುವುದು ಮಾಷ್ಟ್ರು. ನಮ್ಮ ಕಡೆಯ ನಿಜವಾದ ತೊಂದರೆ ಇರುವುದು ಅಲ್ಲಿಯೇ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರು ಬಂದು ಕೂರುವುದು, ಅದಕ್ಕೆ ಮಕ್ಕಳೂ ಹೆತ್ತವರೂ ಗೇಟಿನಲ್ಲಿ ನಿಂತು ಪ್ರತಿಭಟಿಸುವುದು ಕಾಸರಗೋಡಿನಲ್ಲಿ ಹೊಸತಲ್ಲ. ಆದ್ದರಿಂದ ಹೆಡ್‌ಮಾಷ್ಟ್ರನ್ನು ನೇರವಾಗಿ ಕೇಳಿ: ಎಂಟನೇ ಕ್ಲಾಸಿಗೆ ಗಣಿತ ಯಾರು, ವಿಜ್ಞಾನ ಯಾರು, ಸಮಾಜ ಯಾರು? ಖಾಯಂ ಇದ್ದಾರಾ, ದಿನಗೂಲಿಯವರಾ? ಕನ್ನಡ ಬರುತ್ತದಾ? ಸಂಕೋಚ ಬೇಡ. ಇದನ್ನು ಕೇಳುವ ಹೆತ್ತವರು ಜಾಸ್ತಿಯಾದಷ್ಟೂ ಒಳ್ಳೆಯದು.

ಮೀಡಿಯಂ ಬದಲಾಗುತ್ತದಲ್ಲ ಅನ್ನುವ ಹೆದರಿಕೆ ನಿಮ್ಮದು. ಆ ಶಾಲೆಯಲ್ಲಿ ಇಂಗ್ಲಿಷ್ ಮೀಡಿಯಂ ಡಿವಿಷನ್ನೂ ಇದೆ ಅಂತ ನೀವೇ ವಿಚಾರಿಸಿ ಬರೆದಿದ್ದೀರಿ. ಅದರಲ್ಲಿ ಕೂತುಕೊಂಡೇ ಮೊದಲ ಭಾಷೆಯಾಗಿ ಕನ್ನಡ ತೆಗೆದುಕೊಳ್ಳಬಹುದು. ಕನ್ನಡ ಮಾಧ್ಯಮಕ್ಕೇ ಸೇರಿಸಿದರೂ ಪಠ್ಯಪುಸ್ತಕ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಎಲ್ಲ ಕನ್ನಡದಲ್ಲಿಯೇ ಸಿಗುತ್ತವೆ. ನನ್ನನ್ನು ಕೇಳಿದರೆ, ಏಳು ವರ್ಷ ಇಂಗ್ಲಿಷಿನಲ್ಲಿ ಗಣಿತ, ವಿಜ್ಞಾನ ಓದಿದ ಹುಡುಗನಿಗೆ ಇಂಗ್ಲಿಷ್ ಡಿವಿಷನ್, ಮೊದಲ ಭಾಷೆ ಕನ್ನಡ. ಅವನು ಕನ್ನಡವನ್ನು ತಡವರಿಸಿ ಓದುತ್ತಾನೆ ಅಂದಿದ್ದೀರಿ. ದೊಡ್ಡ ರಜೆ ಎರಡು ತಿಂಗಳು ಇದೆ. ದಿನಾ ಬೆಳಿಗ್ಗೆ ಪೇಪರಿನ ಒಂದು ಪುಟ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಲಿ. ಟ್ಯೂಷನ್ನಿಗೆ ಹಾಕಬೇಡಿ, ದಯವಿಟ್ಟು.

ಅವನನ್ನು ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿಸಬೇಕು ಅನ್ನುವುದು ಗಂಡನ ಕನಸಂತೆ. ಹಾಗಾದರೆ ಅವರಿಗೆ ಇದನ್ನು ಹೇಳಿ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಅವಕಾಶ ಇದೆ, ಆದರೆ ಅದಕ್ಕೆ ಬೇರೆಯಾಗಿ ಕನ್ನಡ ಪರೀಕ್ಷೆ ಬರೆದು ಪಾಸಾಗಬೇಕು. ಪೇಪರ್ ಓದಲು ತಡವರಿಸುವ ಹುಡುಗ ಅಲ್ಲಿ ಏನು ಬರೆಯುತ್ತಾನೆ?

ಟಿ.ಸಿ. ವಿಷಯದಲ್ಲಿ ಹೆದರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಇದೆ. ಎಂಟನೇ ಕ್ಲಾಸಿನವರೆಗೆ ಮಗುವಿಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬದಲಾಗುವ ಹಕ್ಕು ಇದೆ, ಹಳೆಯ ಶಾಲೆಯ ಮುಖ್ಯಸ್ಥರು ತಡಮಾಡದೆ ಟಿ.ಸಿ. ಕೊಡಬೇಕು. ಟಿ.ಸಿ. ತಡವಾಯಿತು ಅಂತ ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. ಹಾಗಂತ ಬಾಕಿ ಫೀಸು ಮನ್ನಾ ಆಗುವುದಿಲ್ಲ. ಕಟ್ಟಬೇಕಾದ್ದು ಕಟ್ಟಲೇಬೇಕು, ಕಂತಿನಲ್ಲಿ ಕೊಡುತ್ತೇವೆ ಅಂತ ಬರೆದುಕೊಡಿ. ಬಾಕಿಗಾಗಿ ಹುಡುಗನ ಕಾಗದವನ್ನು ಅಡವು ಇಟ್ಟುಕೊಳ್ಳುವ ಹಾಗಿಲ್ಲ, ಅಷ್ಟೇ. ನಿಮ್ಮ ಮನೆಯಿಂದ ಅಡವು ಹೋದದ್ದು ಬಳೆಯೊಂದೇ ಸಾಕು. ತಕರಾರು ಬಂದರೆ ಜಿಲ್ಲಾ ಶಿಕ್ಷಣಾಧಿಕಾರಿಗೆ ಲಿಖಿತವಾಗಿ ಕೊಡಿ, ಹೈಸ್ಕೂಲುಗಳು ಅವರ ಕೈಕೆಳಗೆ ಬರುತ್ತವೆ.

ಸೇರಿಸುವುದಾದರೆ ಶಾಲೆ ತೆರೆಯುವ ಮೊದಲೇ ಸೇರಿಸಿ. ಜೂನ್‌ನಲ್ಲಿ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಡಿವಿಷನ್ ಎಷ್ಟು, ಮಾಷ್ಟ್ರು ಎಷ್ಟು ಅನ್ನುವುದು ಆ ಲೆಕ್ಕದ ಮೇಲೆ ನಿಲ್ಲುತ್ತದೆ. ಮೇ ತಿಂಗಳಲ್ಲಿ ಟೀಚರ್‌ಗಳು ಬಿಸಿಲಲ್ಲಿ ಮನೆಮನೆಗೆ ಬರುವುದು ಸುಮ್ನೆ ಅಲ್ಲ. ಒಂದು ಮಗು ಕಡಿಮೆಯಾಗಿ ಡಿವಿಷನ್ ಹೋದರೆ ಒಂದು ಹುದ್ದೆಯೂ ಹೋಗುತ್ತದೆ. ಹಾಗಾಗಿ ನಿಮ್ಮ ಮಗನಿಗೆ ಅಲ್ಲಿ ಒಳ್ಳೆಯ ಸ್ವಾಗತವೇ ಸಿಗುತ್ತದೆ, ನೋಡುತ್ತಿರಿ.

ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅಂತ ಒಂದು ಸ್ಕಾಲರ್‌ಶಿಪ್ ಪರೀಕ್ಷೆ ಇದೆ. ಗೆದ್ದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಈಗಿನ ಶಾಲೆಯಲ್ಲಿ ಅವನು ಎಷ್ಟೇ ಜಾಣನಾದರೂ ಕೂರುವ ಹಾಗಿಲ್ಲ. ಮನೆಯ ವಾರ್ಷಿಕ ವರಮಾನ 3.5 ಲಕ್ಷ ರೂಪಾಯಿ ದಾಟಬಾರದು, ಗಂಡನ ಸಂಬಳವನ್ನೂ ಸೇರಿಸಿ ಲೆಕ್ಕ ಹಾಕಿ. ಆ ದುಡ್ಡನ್ನು ನಂಬಿ ಬಳೆ ಬಿಡಿಸುವ ಯೋಚನೆ ಮಾತ್ರ ಮಾಡಬೇಡಿ.

ವ್ಯಾನು. ನನ್ನ ಓದುಗರಿಗೆ ಗೊತ್ತು, ವ್ಯಾನಿನ ಮಾತು ಬಂದರೆ ನಾನು ಸುಮ್ಮನಿರುವವಳಲ್ಲ. ಬೆಳಿಗ್ಗೆ ಏಳಕ್ಕೆ ಮೊದಲು ಹತ್ತಿದ ಹುಡುಗ ಸಂಜೆ ಐದೂವರೆಗೆ ಇಳಿಯುತ್ತಾನೆ, ಇಳಿದವನು ಟ್ಯೂಷನ್ನಿಗೆ ಹೋಗುತ್ತಾನೆ. ಸಾವಿರಗಟ್ಟಲೆ ಫೀಸು ತೆಗೆದುಕೊಳ್ಳುವ ಶಾಲೆ ಕಲಿಸಿದ್ದರೆ ಟ್ಯೂಷನ್ ಯಾಕೆ ಬೇಕಿತ್ತು? ಟ್ಯೂಷನ್ ಶುರುವಾದ ಮೇಲೆ ಯಕ್ಷಗಾನ ಕ್ಲಾಸು ಬಿಟ್ಟ ಅಂತಲೂ ಬರೆದಿದ್ದೀರಿ. ಕುಂಬಳೆ ಸೀಮೆಯ ಹುಡುಗ ಯಕ್ಷಗಾನ ಬಿಡುವುದಾ! ರಾಜ್ಯದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೇ ಸ್ಪರ್ಧೆ ಇದೆ, ಕನ್ನಡ ಪದ್ಯ ಹೇಳುವುದಕ್ಕೂ ಇದೆ. ನಡೆದು ಹೋಗುವ ಶಾಲೆ ಸಿಕ್ಕಿದರೆ ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಅವನ ಕೈಗೆ ವಾಪಸು ಬರುತ್ತದೆ. ಅದರಲ್ಲಿ ಕುಣಿಯಲಿ, ಆಡಲಿ, ನಿದ್ದೆ ಮಾಡಲಿ.

"ಮಗನಿಗೆ ಇದೆಲ್ಲ ಗೊತ್ತಿಲ್ಲ" ಅಂತ ಬರೆದಿದ್ದೀರಲ್ಲ, ನಾನು ನಂಬುವುದಿಲ್ಲ. ಎರಡು ಕಂತು ಬಾಕಿ ಇರುವ ಹುಡುಗನಿಗೆ ಕ್ಲಾಸಿನಲ್ಲಿ ಚೀಟಿ ಬಂದಿರುತ್ತದೆ. ಅಮ್ಮನ ಕೈಯಲ್ಲಿ ಬಳೆ ಇಲ್ಲದ್ದೂ ಅವನಿಗೆ ಕಾಣುತ್ತದೆ.

ಇಷ್ಟೆಲ್ಲ ಬರೆದೆ. ಆದರೆ ಈಗ ಹೆಡ್‌ಮಾಷ್ಟ್ರ ಹತ್ತಿರ ಓಡಬೇಡಿ, ಟಿ.ಸಿ.ಗೆ ಅರ್ಜಿ ಹಾಕಬೇಡಿ. ನಿಮಗೆ ನಾನು ಹೇಳುವ ಕೆಲಸ ಒಂದೇ. ಬರುವ ಶುಕ್ರವಾರ ಗಂಡನಿಗೆ ಫೋನ್ ಮಾಡಿ. ಅಲ್ಲಿ ರಜೆ ಇರುತ್ತದೆ. ನಮಗಿಂತ ಎರಡೂವರೆ ಗಂಟೆ ಹಿಂದೆ ಅವರು, ಹಾಗಾಗಿ ನಮ್ಮ ಹನ್ನೆರಡೂವರೆಗೆ ಮಾಡಿದರೆ ಎದ್ದು ಚಾ ಕುಡಿದು ಕೂತಿರುತ್ತಾರೆ. ವಾಯ್ಸ್ ಮೆಸೇಜ್ ಕಳಿಸಬೇಡಿ. ಸೊಸೈಟಿಯ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಾಲ್ಕು ಮಾತು ಹೇಳಿ: ಬಳೆ ಅಡವಿಟ್ಟಿದ್ದೇನೆ, ಇಷ್ಟು ಸಾಲ, ಇಷ್ಟು ಬಡ್ಡಿ, ಫೀಸಿಗೆ ಅಂತ ಇಟ್ಟದ್ದು. ಅಳು ಬಂದರೆ ಬರಲಿ, ಲೆಕ್ಕ ಮಾತ್ರ ಪೂರ್ತಿ ಹೇಳಿ. ಸ್ವಲ್ಪ ಕಡಿಮೆ ಮಾಡಿ ಹೇಳುವ ಆಸೆ ಬರುತ್ತದೆ, ಮಾಡಬೇಡಿ.

ಅವರಿಗೆ ಕೋಪ ಬರಬಹುದು. ಫೋನ್ ಇಟ್ಟುಬಿಡಬಹುದು. ಸಂಜೆಯೊಳಗೆ ಮತ್ತೆ ಅವರೇ ಮಾಡುತ್ತಾರೆ ಅಂತ ನನ್ನ ಎಣಿಕೆ. ಓವರ್‌ಟೈಮ್ ನಿಂತ ಮೇಲೆ ಅವರು ಅಲ್ಲಿ ಹೇಗೆ ದಿನ ದೂಡುತ್ತಿದ್ದಾರೆ ಅಂತ ನಿಮಗೂ ಅವರು ಪೂರ್ತಿ ಹೇಳಿರಲಾರರು. ಶಾಲೆಯ ಮಾತು ಮೊದಲ ಫೋನಿನಲ್ಲಿ ಬೇಡ. ಲೆಕ್ಕ ಕೇಳಿದ ಮೇಲೆ ಅವರೇ ಎತ್ತಬಹುದು. ಎತ್ತದಿದ್ದರೆ ಮುಂದಿನ ಶುಕ್ರವಾರ ನೀವು ಎತ್ತಿ, ಪಕ್ಕದಲ್ಲಿ ಮಗನನ್ನೂ ಕೂರಿಸಿಕೊಳ್ಳಿ.

ನಡುವೆ ನಾದಿನಿ ಫೋನ್ ಮಾಡಿದರೆ ವಾದ ಬೇಡ. ಬಾಕಿ ಎರಡು ಕಂತಿನ ಮೊತ್ತ ಹೇಳಿ, ಶಾಲೆಯ ಬ್ಯಾಂಕ್ ಖಾತೆಯ ನಂಬರ್ ಕಳಿಸಬೇಕಾ ಅಂತ ಕೇಳಿ.